ಯಾರ ಬೆರಳು, ಯಾರ ಅಂಕ

ಹೆದ್ದಾರಿ ಪಕ್ಕದ ಒಂದು ವೃದ್ಧಾಶ್ರಮದಲ್ಲಿ ದೇವೀರಮ್ಮ ಎಂಬ ಆಯಾ ಇದ್ದಳು. ಹದಿನಾಲ್ಕು ಮಂದಿ ಹಿರಿಯರಿಗೆ ಇವಳೊಬ್ಬಳೇ. ಬೆಳಿಗ್ಗೆ ಸ್ನಾನ ಮಾಡಿಸಲು ನಿಂತರೆ ಸಂಜೆಗೆ ಸೊಂಟ ತನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ. ಸಾಲದ್ದಕ್ಕೆ, ಗಾಯದ ಮೇಲೆ ಬರೆ ಎಳೆದಂತೆ, ತಿಂಗಳಿಗೊಮ್ಮೆ ಹಿರಿಯರಿಗೆ ಟ್ಯಾಬ್ ಪರೀಕ್ಷೆ ಮಾಡಿಸುವ ಕೆಲಸವೂ ಬಂತು. ಪರದೆ ಕೆಲವು ಚಿತ್ರ ತೋರಿಸುತ್ತದೆ, ಆಮೇಲೆ ಯಾವುದನ್ನು ನೋಡಿದಿರಿ ಎಂದು ಕೇಳುತ್ತದೆ. ಹಿರಿಯರು ಬೆರಳಿಟ್ಟು ಹೇಳಬೇಕು. ಯಾರ ನೆನಪು ಎಷ್ಟು ಗಟ್ಟಿ ಎಂದು ಡಾಕ್ಟರು ಅದರಿಂದ ತಿಳಿಯುತ್ತಾರೆ.

ರೈಲ್ವೆಯಿಂದ ನಿವೃತ್ತರಾಗಿದ್ದ ಶೇಷಗಿರಪ್ಪನವರ ಒಣಗಿದ ಬೆರಳನ್ನು ಟ್ಯಾಬ್ ಗಮನಿಸಲೇ ಇಲ್ಲ. ಅವರು ತೋರಿಸಿದ ಕಡೆ ದೇವೀರಮ್ಮ ಒತ್ತಿದಳು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಮರುತಿಂಗಳು ಅವರು ತೋರಿಸಲು ತಡಮಾಡಿದರು. ಇನ್ನೂ ಎಂಟು ಜನ ಬಾಕಿ ಇದ್ದರು. ಇವಳೇ ಊಹಿಸಿ ಒತ್ತಿದಳು. ಆಮೇಲಾಮೇಲೆ ಅವರ ಬೆರಳಿಗೆ ಕಾಯುವುದನ್ನೇ ಬಿಟ್ಟಳು.

ಒಂದು ದಿನ ಡಾಕ್ಟರು ಅಂಕ ನೋಡಿದರು.

"ಭೇಷ್ ಯಜಮಾನ್ರೇ! ನಾಳೆಯಿಂದ ರಸ್ತೆ ದಾಟಿ ನೀವೊಬ್ಬರೇ ಕಾಫಿಗೆ ಹೋಗ್ಬಹುದು."

ಆರು ತಿಂಗಳಿಂದ ಅದನ್ನೇ ಬೇಡುತ್ತಿದ್ದ ಶೇಷಗಿರಪ್ಪನವರ ಮುಖ ಅರಳಿತು. ದೇವೀರಮ್ಮ ಮಾತ್ರ ಹಿಗ್ಗಲಿಲ್ಲ. ನಿನ್ನೆಯಷ್ಟೇ ಅವರು ತಮ್ಮ ಕೋಣೆ ಹುಡುಕುತ್ತಾ ಅಡುಗೆಮನೆಗೆ ಬಂದು ನಿಂತಿದ್ದರು. ಹೊರಗೆ ನೋಡಿದರೆ ಲಾರಿಗಳ ಓಡಾಟ. ನಿಜ ಹೇಳಿದರೆ ಕೆಲಸ ಹೋಗಬಹುದು, ಉಳಿದರೂ ಹದಿನಾಲ್ಕು ಜನರ ಪರೀಕ್ಷೆ ಮೊದಲಿಂದ ಮಾಡಿಸುವುದು ಅವಳ ತಲೆಗೇ. ಸುಮ್ಮನಿರು ಎಂದಿತು ದಣಿದ ಮೈ.

"ಡಾಕ್ಟ್ರೇ, ಆ ಅಂಕ ಅವ್ರದಲ್ಲ, ನಂದು," ಎಂದಳು.

ಡಾಕ್ಟರು ಚೆನ್ನಾಗಿ ಬೈದರು. ಒದ್ದೆ ಬಟ್ಟೆಯಲ್ಲಿ ಶೇಷಗಿರಪ್ಪನವರ ಬೆರಳು ಒರೆಸಿ, ತಾವೇ ಕೂತು ಪರೀಕ್ಷೆ ಮಾಡಿದರು. ಹತ್ತಕ್ಕೆ ಮೂರು ಬಂತು. ಔಷಧ ಶುರುವಾಯಿತು, ಒಬ್ಬರೇ ಹೋಗುವ ಮಾತು ಅಲ್ಲಿಗೆ ನಿಂತಿತು.

"ನೀನು ನಮ್ಮವಳು ಅಂದ್ಕೊಂಡಿದ್ದೆ ಕಣಮ್ಮ," ಎಂದರು ಶೇಷಗಿರಪ್ಪ.

ಅವಳಿಗೆ ಅಳು ಬಂತು. "ನಿಮ್ಮವಳೇ ಯಜಮಾನ್ರೇ. ಅದಕ್ಕೇ ಹೇಳ್ದೆ."

ಸಂಜೆ ಕೆಲಸ ಮುಗಿಸಿ, ಮನೆಗೆ ಹೋಗುವ ಬಸ್ಸನ್ನೂ ಬಿಟ್ಟು, ಅವರ ಕೈ ಹಿಡಿದು ರಸ್ತೆ ದಾಟಿಸಿದಳು. ಅವರು ಮುಖ ತಿರುಗಿಸಿಕೊಂಡೇ ಕಾಫಿ ಕುಡಿದರು. ಹೋಟೆಲಿನ ಬಾಗಿಲಿಗೆ ಬಂದವರು ಅತ್ತಿತ್ತ ನೋಡಿ, ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ನಮ್ಮ ಆಶ್ರಮ ಯಾವ ಕಡೆ, ತಾಯಿ?"

ಆಶ್ರಮ ಎದುರಿಗೇ ಇತ್ತು.

ನೀತಿ: ಕೈಲಾಗದವರಿಗೆ ಆಸರೆಯಾಗಿ, ಆದರೆ ಅವರ ಉತ್ತರವನ್ನು ನೀವು ಹೇಳಬೇಡಿ. ಕೊರತೆಯನ್ನು ಮುಚ್ಚಿಟ್ಟರೆ ಆರೈಕೆಗೆ ದಾರಿ ಸಿಗುವುದಿಲ್ಲ.