ಹಸಿರಾದ ದಿಬ್ಬ

"ಬುದ್ಧಿ, ನನಗೆ ಕೋಪ ಬಂದು ವರ್ಷಗಳೇ ಆದವು. ಇನ್ನು ಮಠದ ಮಕ್ಕಳಿಗೆ ನಾನು ಪಾಠ ಹೇಳಬಹುದಲ್ಲವೇ?" ಎಂದು ಶಿಷ್ಯ ಕೇಳಿದ. ಹಿಂದೆ ಕೋಪ ಬಂದರೆ ಅವನು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದ. ಅದಕ್ಕೇ ಗುರುಗಳು ಅವನನ್ನು ಮಕ್ಕಳಿಂದ ದೂರ ಇಟ್ಟಿದ್ದರು. ಈಗ ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಗಣಿಯಿತ್ತು. ಅದಿರು ಮುಗಿಯಿತು, ಗಣಿಯವರು ಬಾಗಿಲು ಹಾಕಿಕೊಂಡು ಹೋದರು. ಅದಿರು ತೆಗೆದು ಎಸೆದ ಬಿಳಿ ಪುಡಿಮಣ್ಣು ಮಾತ್ರ ದೊಡ್ಡ ದಿಬ್ಬವಾಗಿ ಉಳಿಯಿತು. ಅದರ ತುಂಬ ವಿಷ, ಗರಿಕೆಯೂ ಹುಟ್ಟುತ್ತಿರಲಿಲ್ಲ. ಗಾಳಿ ಬೀಸಿದರೆ ಧೂಳು ಅನ್ನದ ತಟ್ಟೆಗೇ ಬಂದು ಬೀಳುತ್ತಿತ್ತು. ಮಕ್ಕಳು ಕೆಮ್ಮುತ್ತಿದ್ದರು.

ದಿಬ್ಬದ ಬುಡದಲ್ಲಿ ಒಬ್ಬ ತೋಟಗಾರನ ಮನೆ. ಊರಿನ ಕೊಳಚೆ ಹರಿದು ನಿಲ್ಲುವ ತೊಟ್ಟಿಯಿಂದ ಅವನು ತಳದ ಕೆಸರು ತಂದು ಒಣಗಿಸಿದ, ಸುಣ್ಣ ಬೆರೆಸಿದ, ದಿಬ್ಬದ ಮೇಲೆಲ್ಲ ಹರಡಿ ಹುಲ್ಲಿನ ಬೀಜ ಚೆಲ್ಲಿದ. ಜನ ಮೂಗು ಮುಚ್ಚಿಕೊಂಡು ಬೈದರು. ಮಳೆ ಬಂತು, ವಾಸನೆ ಹೋಯಿತು, ಹುಲ್ಲು ಬಂತು, ಧೂಳು ನಿಂತಿತು. ಬೈದವರೇ ಬಂದು ಬೆನ್ನು ತಟ್ಟಿದರು, ದಿಬ್ಬದ ವಿಷ ತೊಳೆದೆಯಲ್ಲಪ್ಪಾ ಎಂದು ಹೊಗಳಿದರು. ಕೆಸರು ವಿಷವನ್ನು ಮುಚ್ಚಿದೆ, ತೊಳೆದಿಲ್ಲ ಎಂದು ಅವನಿಗೆ ಗೊತ್ತಿತ್ತು. ಯಾರೂ ಹತ್ತದಂತೆ ಸುತ್ತ ಮುಳ್ಳಿನ ಬೇಲಿ ಕಟ್ಟಬೇಕೆಂದೂ ಗೊತ್ತಿತ್ತು. ಆದರೆ ಬೇಲಿ ಕಟ್ಟಿದರೆ ಯಾಕೆಂದು ಕೇಳುತ್ತಾರೆ. ಹೊಗಳಿಕೆ ಕಿವಿಗೆ ಹಿತವಾಗಿತ್ತು. ನಾಳೆ ಕಟ್ಟಿದರಾಯಿತು ಎಂದುಕೊಂಡ.

ಒಂದು ದಿನ ಹುಲ್ಲಿನ ನಡುವೆ ಟೊಮೆಟೊ ಗಿಡಗಳು ಕಂಡವು. ಯಾರೂ ಬಿತ್ತಿರಲಿಲ್ಲ. ಊರವರು ತಿಂದ ಹಣ್ಣಿನ ಬೀಜ ಅವರ ಹೊಟ್ಟೆಯಿಂದ ಕೊಳಚೆಗಿಳಿದು, ಕೆಸರಿನ ಜೊತೆ ದಿಬ್ಬ ಹತ್ತಿತ್ತು. ತೋಟಗಾರನಿಗೆ ನಗು ಬಂತು. ಆಮೇಲೆ ಒಂದು ಗಿಡ ಕಿತ್ತು ನೋಡಿದ. ಬೇರು ಕೆಸರನ್ನು ದಾಟಿ ಕೆಳಗಿನ ಬಿಳಿ ಪುಡಿಗೆ ಇಳಿದಿತ್ತು. ಗಿಡದಿಂದ ಗಿಡಕ್ಕೆ ಹೋಗಿ ಹುಡುಕಿದ. ಕಾಯಿಗಳಿದ್ದವು, ಹಣ್ಣನ್ನೆಲ್ಲ ಯಾರೋ ಕೊಯ್ದಾಗಿತ್ತು.

ಮನೆಗೆ ಓಡಿದ. ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ದಿಬ್ಬದ ಹಣ್ಣಿನ ಸಾರು, ಅಣ್ಣಾ. ನಮ್ಮ ಮಕ್ಕಳು ಎರಡೆರಡು ಸಲ ಬಡಿಸಿಕೊಂಡವು. ನಿಮ್ಮ ಮಗಳಿಗೂ ಇರಲಿ ಅಂತ ತಂದೆ."

ಅವನು ಬಟ್ಟಲು ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದ. ವಿಷ ಹೋಗಿಲ್ಲ, ಕೆಳಗೆ ಹಾಗೇ ಇದೆ ಎಂದು ತೊದಲಿದ. ಆಕೆ ಚೆಲ್ಲಿದ ಸಾರನ್ನು ನೋಡಿದಳು, ಅವನ ಮುಖ ನೋಡಿದಳು.

"ನಿಮಗೆ ಮೊದಲೇ ಗೊತ್ತಿತ್ತಾ?" ಎಂದಳು.

ಅವನು ತಲೆ ತಗ್ಗಿಸಿ ದಿಬ್ಬದ ಕಡೆ ಹೊರಟ. ಕತ್ತಲಾಗುವುದರೊಳಗೆ ಬೇಲಿ ಕಟ್ಟಿದ. ಆದರೆ ಅಂದಿನಿಂದ ಪಕ್ಕದ ಮನೆಯಲ್ಲಿ ಮಗು ಕೆಮ್ಮಿದರೂ ಅವನ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು, ಅತ್ತರೂ ನಿಲ್ಲುತ್ತಿತ್ತು. ಅಲ್ಲಿ ಸದ್ದೇ ಇಲ್ಲದ ದಿನ ಅವನಿಗೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆ ಮಕ್ಕಳಿಗೆ ಏನಾಯಿತು, ಬುದ್ಧಿ?"

ಪಾಠಶಾಲೆಯೊಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಗುರುಗಳು ಆ ಕಡೆಗೊಮ್ಮೆ ನೋಡಿ ಹೇಳಿದರು:

"ನಿನ್ನ ದಿಬ್ಬವೂ ಹಸಿರಾಗಿದೆ; ಬೇಲಿ ಎಲ್ಲಿ?"