ಹವಾಲ್ದಾರನ ಪಾಳಿ

ಮಲಪ್ರಭೆಯ ದಂಡೆಯ ಮೇಲೊಂದು ಸಣ್ಣ ಮಠ. ಸೈನ್ಯದಿಂದ ನಿವೃತ್ತನಾದ ಹವಾಲ್ದಾರ ರಾಯಪ್ಪ ಅಲ್ಲಿಗೆ ಬಂದದ್ದು ಕುಡಿತ ಬಿಡಲಿಕ್ಕೆ.

ಮಠದ ಅಜ್ಜಾರು ಅವನ ಹೊಣೆಯನ್ನು ಶಿಷ್ಯ ಚನ್ನಮಲ್ಲನಿಗೆ ಒಪ್ಪಿಸಿದರು.

ಚನ್ನಮಲ್ಲ ಕಟ್ಟುನಿಟ್ಟಿನವ. ಗದ್ದುಗೆ ಮುಟ್ಟಿಸಿ ಆಣೆ ಮಾಡಿಸಿದ. ಡಾಕ್ಟರು ಕೊಟ್ಟಿದ್ದ ಮಾತ್ರೆಗಳನ್ನೂ, ಇವೂ ಅಮಲೇ ಎಂದು, ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದ.

ರಾಯಪ್ಪ ಕುಡಿಯಲಿಲ್ಲ. ಮಲಗಲೂ ಇಲ್ಲ. ಮಠದ ಬಾಗಿಲಲ್ಲಿ ನಿಂತುಬಿಟ್ಟ. ಇಂದಿಗೆ ಮೂರು ದಿನ. ಕಣ್ಣು ಆಚೆ ದಡದ ಜಾಲಿಕಂಟಿಯ ಮೇಲಿತ್ತು.

“ಒಳಗ ಬರ್ರಿ ರಾಯಪ್ಪಣ್ಣ. ಪ್ರಸಾದ ಆರತದ,” ಎಂದ ಚನ್ನಮಲ್ಲ.

“ನಾ ಬಂದ್ರ ಇಲ್ಲೆ ಯಾರು ನಿಲ್ತಾರ?”

“ಅಲ್ಲಿ ಯಾರದಾರ್ರೀ? ಎರಡು ಎಮ್ಮಿ.”

“ಅವತ್ತೂ ಯಾರೂ ಇದ್ದಿದ್ದಿಲ್ಲ. ಪಹರೇದಾಗ ಒಂದು ಗಳಿಗಿ ಕಣ್ಣು ಮುಚ್ಚಿದೆ. ನಮ್ಮವರು ಮೂರು ಮಂದಿ ಸತ್ತುಹೋದ್ರು.” ರಾಯಪ್ಪ ತುಟಿ ಒರೆಸಿಕೊಂಡ. “ಸಂಜೀಕ ಊರಾಗ ಹೋಗ್ತೀನಿ. ಒಂದು ಬಾಟ್ಲಿ ಇಳಿದ್ರ ಅವರು ಮುಖ ತೋರ್ಸೂದಿಲ್ಲ.”

ಚನ್ನಮಲ್ಲ ಅಜ್ಜಾರ ಮುಂದೆ ಹೋಗಿ ಕುಳಿತ.

“ಅಜ್ಜಾರ, ಒಂದು ಬಿಡಿಸಿದ್ರ ಇನ್ನೊಂದು ಎದ್ದು ಕುಂತದ. ಯಾವುದು ರೋಗ, ಯಾವುದು ಔಷಧ, ಒಂದೂ ತಿಳೀವಲ್ದು.”

“ಡಾಕ್ಟರ ಮಾತ್ರಿ ಎಲ್ಲಿ ಅದಾವ?”

“ಬೀಗ ಹಾಕೇನ್ರಿ.”

ಅಜ್ಜಾರು ಕೈ ಚಾಚಿದರು. ಶಿಷ್ಯ ತಲೆ ತಗ್ಗಿಸಿ ಕೀಲಿ ಕೊಟ್ಟ.

ಅಜ್ಜಾರು ಮಾತ್ರೆ, ನೀರಿನ ತಂಬಿಗೆ, ತಮ್ಮ ಕೋಲು ಹಿಡಿದು ಬಾಗಿಲಿಗೆ ನಡೆದರು.

“ಹವಾಲ್ದಾರ, ನಿನ್ನ ಪಾಳಿ ಮುಗೀತು. ಪಹರೆ ನನಗ ಒಪ್ಪಿಸು.”

ರಾಯಪ್ಪ ಜಾಲಿಕಂಟಿಯತ್ತ ಕೈ ತೋರಿಸಿದ.

“ಕಣ್ಣು ಮುಚ್ಚೂದಿಲ್ಲಲ್ರೀ?”

“ಇಲ್ಲಪ್ಪ.”

ರಾಯಪ್ಪ ಹಿಮ್ಮಡಿ ಕೂಡಿಸಿ ಸೆಲ್ಯೂಟ್ ಹೊಡೆದ. ಮಾತ್ರೆ ನುಂಗಿದ. ಜಗುಲಿಯ ಮೇಲೆ ಉರುಳಿದವನು ಅಲ್ಲೇ ನಿದ್ದೆ ಹೋದ.

ಬಿಸಿಲು ನೆತ್ತಿಗೇರಿತು. ಅಜ್ಜಾರು ಕದಲಲಿಲ್ಲ; ಜಾಲಿಕಂಟಿಯಿಂದ ಕಣ್ಣು ತೆಗೆಯಲೂ ಇಲ್ಲ. ಚನ್ನಮಲ್ಲನಿಗೆ ತಡೆಯಲಾಗಲಿಲ್ಲ.

“ಅವ ಮಲಗ್ಯಾನ. ಅಲ್ಲಿ ಯಾರೂ ಇಲ್ಲಂತ ನಿಮಗೂ ಗೊತ್ತದ. ಮತ್ಯಾಕ ನಿಂತೀರಿ?”

“ಪಹರೆ ಒಪ್ಪಿಕೊಂಡೇನಲ್ಲಪ್ಪ.”

“ಎದ್ದ ಮ್ಯಾಲೆ ಮತ್ತ ಬಂದು ನಿಂತ್ರ? ಮತ್ತ ಕುಡಿದ್ರ?”

“ಆದೀತು.”

“ಹಂಗಾದ್ರ ಇದು ಎಲ್ಲೀತನಕ, ಅಜ್ಜಾರ?”

ಅಜ್ಜಾರು ಕೋಲನ್ನು ಅವನ ಕೈಗಿತ್ತರು.

“ನನ್ನ ಕಾಲು ಸೋತಾವ. ಈಗ ನಿನ್ನ ಪಾಳಿ.”