ವಂದನೆಯ ಕೊನೆಯ ಮಾತು

ದೂರದ ಅಮೆರಿಕದಲ್ಲಿ, ನದಿಯ ದಡದ ಮೊಹಾಕ್ ಜನರ ಊರೊಂದರಲ್ಲಿ ಒಬ್ಬ ಮುದುಕಿ ಇದ್ದಳು. ಎಲ್ಲರೂ ಅವಳನ್ನು ತೋತಾ ಎನ್ನುತ್ತಿದ್ದರು, ಅಂದರೆ ಅಜ್ಜಿ.

ಇರೊಕ್ವಾಯನ್ ನುಡಿಗಳ ದೊಡ್ಡ ಸಂಸಾರದಲ್ಲಿ ಅವರ ಮಾತೂ ಒಂದು. ಅದನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರಲ್ಲಿ ಆ ಊರಿಗೆ ಉಳಿದವಳು ತೋತಾ ಒಬ್ಬಳೇ. ಈಗ ಅವಳ ದನಿಯೂ ಕುಗ್ಗಿತ್ತು.

ಅವಳ ಹತ್ತಿರ ಆ ಮಾತು ಕಲಿಯುತ್ತಿದ್ದ ಶಿಷ್ಯೆ ಕವೆನ್ನಾ ಇಂಗ್ಲಿಷಿನಲ್ಲೇ ಬೆಳೆದವಳು. ಕಲಿಯುವುದರಲ್ಲಿ ಚುರುಕು. ಆದರೆ ಎಲ್ಲಿ ತಪ್ಪಾದೀತೋ ಎಂದು ನಾಲ್ಕು ಜನರ ಮುಂದೆ ಬಾಯಿಯೇ ಬಿಡುತ್ತಿರಲಿಲ್ಲ.

"ನಮ್ಮ ನುಡಿ ಆಡುವಾಗ ತುಟಿಗೆ ತುಟಿ ತಾಗುವುದೇ ಇಲ್ಲ," ಎಂದು ತೋತಾ ಛೇಡಿಸುತ್ತಿದ್ದಳು. "ನೀನ್ಯಾಕೆ ತುಟಿ ಹೊಲಿದುಕೊಂಡು ಕೂತಿದ್ದೀಯ?"

ಸ್ಟ್ರಾಬೆರಿ ಹಬ್ಬ ಹತ್ತಿರ ಬಂತು. ಭೂಮಿಯಿಂದ ನಕ್ಷತ್ರದವರೆಗೆ ಎಲ್ಲಕ್ಕೂ ತಮ್ಮ ನುಡಿಯಲ್ಲೇ ಹೇಳುವ ವಂದನೆಯ ಮಾತು ಮುಗಿಯದೆ ಅಲ್ಲಿ ಯಾರೂ ಹಣ್ಣು ಮುಟ್ಟುವಂತಿಲ್ಲ.

"ಈ ಸಲ ನೀನೇ ಹೇಳು," ಎಂದಳು ತೋತಾ.

"ನನ್ನ ಕೈಲಾಗಲ್ಲ ತೋತಾ. ನಡುವೆ ಮರೆತುಬಿಟ್ಟರೆ?"

"ನೀನು ಹೇಳದಿದ್ದರೆ ನನ್ನ ನಂತರ ಹೇಳುವವರು ಯಾರು ಮಗಳೇ?"

ಕವೆನ್ನಾ ಹಗಲಿರುಳು ಬಾಯಿಪಾಠ ಮಾಡಿದಳು. ಹಬ್ಬದ ದಿನ ಎಲ್ಲರ ಮುಂದೆ ಎದ್ದು ನಿಂತಳು. ಭೂಮಿತಾಯಿಗೆ, ನೀರಿಗೆ, ಮೀನಿಗೆ, ಗಿಡಮರಗಳಿಗೆ, ಹಕ್ಕಿಗೆ, ಗಾಳಿಗೆ, ಗುಡುಗೆಂಬ ಅಜ್ಜಂದಿರಿಗೆ, ಸೂರ್ಯನಿಗೆ, ಚಂದ್ರನಿಗೆ, ನಕ್ಷತ್ರಗಳಿಗೆ ವಂದನೆ ಹೇಳಿದಳು. ಒಂದೊಂದಕ್ಕೂ ಜನ ಹೂಂಗುಟ್ಟಿದರು. ಒಂದಕ್ಷರ ತಪ್ಪಲಿಲ್ಲ. ಸಂತೋಷಕ್ಕೆ ಅವಳ ಕಣ್ಣು ತುಂಬಿ ಬಂತು.

"ಮುಗಿಯಿತು," ಎಂದಳು.

ಯಾರೂ ಕೈ ಚಾಚಲಿಲ್ಲ. ಮಕ್ಕಳು ಹಣ್ಣನ್ನೇ ನೋಡುತ್ತ ಕೂತಿದ್ದವು.

ಕವೆನ್ನಾ ಗಾಬರಿಯಾಗಿ ತೋತಾಳ ಕಿವಿಯ ಹತ್ತಿರ ಬಗ್ಗಿದಳು. "ಏನು ಬಿಟ್ಟೆ? ಮೀನು ಹೇಳಿದೆನಲ್ಲ?"

"ಮೀನು ಬಂತು. ಎಲ್ಲವೂ ಬಂತು. ಕೊನೆಯ ಮಾತೆಲ್ಲಿ?"

ಆ ಮಾತು ಕವೆನ್ನಾಳಿಗೆ ಗೊತ್ತಿಲ್ಲದ್ದೇನಲ್ಲ. ನಾನೇನಾದರೂ ಮರೆತಿದ್ದರೆ ಅದಕ್ಕೆ ನೀವು ವಂದನೆ ಹೇಳಿ, ಎನ್ನಬೇಕಿತ್ತು.

"ನಾನು ಏನನ್ನೂ ಮರೆಯಲೇ ಇಲ್ಲವಲ್ಲ ತೋತಾ. ಅದಕ್ಕೇ ಬಿಟ್ಟೆ."

"ಎಲ್ಲವನ್ನೂ ನೀನೊಬ್ಬಳೇ ಹೇಳಿ ಮುಗಿಸುವುದಾದರೆ ಇವರೆಲ್ಲ ಯಾಕೆ ಬಂದರು?"

ಕವೆನ್ನಾಳ ಮುಖ ಕೆಂಪಾಯಿತು. ಮತ್ತೆ ನೆಟ್ಟಗೆ ನಿಂತು ಕೊನೆಯ ಮಾತನ್ನೂ ಹೇಳಿದಳು. ಅಷ್ಟು ಚಿಕ್ಕ ಮಾತಿನಲ್ಲಿ ಎರಡು ಕಡೆ ತೊದಲಿದಳು. ಯಾರೂ ನಗಲಿಲ್ಲ.

ಆಗ ತೋತಾ ಕೋಲೂರಿ ಮೆಲ್ಲಗೆ ಎದ್ದಳು. ಕುಗ್ಗಿದ ದನಿ ಕೇಳಲೆಂದು ಜನ ಹತ್ತಿರ ಸರಿದರು.

"ಒಂದನ್ನು ಮರೆತಿದ್ದಾಳೆ," ಎಂದಳು ತೋತಾ. "ನಮ್ಮ ಮಾತನ್ನು ಉಳಿಸಿಕೊಟ್ಟ ಈ ಹುಡುಗಿಯನ್ನು. ಅವಳಿಗೆ ನನ್ನ ವಂದನೆ."